ಎಳೆಗೂಸಿನ ಎಕೋ (ಹೃದಯದ ಅಲ್ಟ್ರಾಸೌಂಡ್): ‘ನಾರ್ಮಲ್’ ಅಂತ ಬರೆಯೋ ಮುಂಚೆ ಏನೇನು ಕಣ್ಣಾರೆ ಕಂಡಿರಬೇಕು?

ತಾಲ್ಲೂಕು_ಪಿಡಿಯಾ
ಜಿಲ್ಲಾ ಮಟ್ಟದ ಎಸ್‌ಎನ್‌ಸಿಯು, ಅಂದರೆ ನವಜಾತರ ವಿಶೇಷ ಆರೈಕೆ ಘಟಕ. ದೊಡ್ಡವರಿಗೆ ಎಕೋ ಮಾಡುವ ಯಂತ್ರಕ್ಕೇ ಈಗ ಮಕ್ಕಳ ಪ್ರೋಬ್ ಕೊಟ್ಟಿದ್ದಾರೆ. ಮಕ್ಕಳ ಹೃದ್ರೋಗ ತಜ್ಞರು ಇಲ್ಲ, ಬೆಂಗಳೂರಿಗೆ ಆರು ಗಂಟೆ ದಾರಿ. ಕಾಯಿಲೆ ಪೂರ್ತಿ ಕಂಡುಹಿಡಿಯುವುದು ನಮ್ಮ ಕೈಲಾಗದು, ಆ ಆಸೆಯೂ ಇಲ್ಲ. ಆದರೆ ಯಾವುದನ್ನು ನೋಡದೆ ‘ನಾರ್ಮಲ್ ಸ್ಟಡಿ’ ಅಂತ ಬರೆದರೆ ಮಗುವಿಗೆ ಅಪಾಯ? ಪುಸ್ತಕದ ಪಟ್ಟಿ ಬೇಡ, ತಪ್ಪೋದು ಎಲ್ಲಿ ಅನ್ನೋದು ಬೇಕು.

ಸಬ್‌ಕಾಸ್ಟಲ್
ಒಳ್ಳೆ ಪ್ರಶ್ನೆ ಸರ್. ದೊಡ್ಡವರ ಎಕೋ ರೂಢಿ ಇರೋರು ಎದೆಯ ಎಡಭಾಗದಿಂದ ಶುರು ಮಾಡ್ತಾರೆ. ಕೂಸಿಗೆ ಹೊಟ್ಟೆಯಿಂದ ಶುರು ಮಾಡಿ. ಪಕ್ಕೆಲುಬಿನ ಕೆಳಗೆ ಪ್ರೋಬ್ ಅಡ್ಡ ಇಟ್ಟರೆ ಮೊದಲು ಲಿವರ್, ಹೊಟ್ಟೆ, ಬೆನ್ನುಮೂಳೆಯ ಎಡಕ್ಕೆ ಅಯೋರ್ಟಾ (ಮಹಾಧಮನಿ), ಬಲಕ್ಕೆ ಐವಿಸಿ (ಕೆಳಮೈಯ ರಕ್ತ ತರೋ ಮಹಾಸಿರೆ) ಕಾಣಬೇಕು. ಹಾಗಿಲ್ಲದಿದ್ದರೆ ಸೈಟಸ್ (ಅಂಗಗಳ ಎಡ-ಬಲ ಜಾಗ) ಗಡಿಬಿಡಿ, ಅಲ್ಲಿಂದ ಮುಂದೆ ಯಾವುದನ್ನೂ ‘ಇದ್ದೇ ಇರುತ್ತೆ’ ಅಂದುಕೊಳ್ಳಬೇಡಿ. ಆಮೇಲೆ ಪ್ರೋಬನ್ನು ಹಿಂದಿನಿಂದ ಮುಂದಕ್ಕೆ ನಿಧಾನ ವಾಲಿಸುತ್ತಾ ಹೋದರೆ ರಕ್ತನಾಳ, ಹೃತ್ಕರ್ಣ, ಕವಾಟ, ಹೃತ್ಕುಕ್ಷಿ, ಕೊನೆಗೆ ಎರಡು ದೊಡ್ಡ ನಾಳ ಸಾಲಾಗಿ ಬರುತ್ತವೆ. ಹುಟ್ಟು ಹೃದಯ ದೋಷಗಳ ತಜ್ಞ ವಾನ್ ಪ್ರಾಗ್ ಹೇಳಿಕೊಟ್ಟ ಸೆಗ್ಮೆಂಟಲ್ ಕ್ರಮ ಅಂದರೆ ಇಷ್ಟೇ: ಯಾವುದು ಎಲ್ಲಿದೆ, ಯಾವುದಕ್ಕೆ ಯಾವುದು ಸೇರಿದೆ, ಜೊತೆಗೆ ಇನ್ನೇನು ಕೆಟ್ಟಿದೆ.

ಯಂತ್ರದ ಕಡೆಯಿಂದ: ನವಜಾತರಿಗೆ 8–12 ಮೆಗಾಹರ್ಟ್ಸ್ ಪ್ರೋಬ್, ವರ್ಷ ದಾಟಿದವರಿಗೆ 5–8. ಸೆಕ್ಟರ್ ಕಿರಿದು ಮಾಡಿ, ಡೆಪ್ತ್ ಕಡಿಮೆ ಮಾಡಿ. ನಿಮಿಷಕ್ಕೆ 150 ಬಡಿಯೋ ಹೃದಯಕ್ಕೆ ದೊಡ್ಡವರ ಪ್ರಿಸೆಟ್‌ನ ಫ್ರೇಮ್ ರೇಟ್ ಸಾಲದು.

ಈಗ ನಿಮ್ಮ ಪ್ರಶ್ನೆ. ‘ನಾರ್ಮಲ್’ ಅಂದು ಮನೆಗೆ ಕಳಿಸಿ, ಆಮೇಲೆ ಕೂಸು ಕುಸಿಯೋದು ಹೆಚ್ಚಾಗಿ ಮೂರು ಕಾಯಿಲೆಗಳಲ್ಲಿ: ಟಿಎಪಿವಿಸಿ (ಶ್ವಾಸಕೋಶದ ಸಿರೆಗಳು ತಪ್ಪು ಜಾಗಕ್ಕೆ ಸೇರೋದು), ಕೋಆರ್ಕ್ಟೇಶನ್ (ಅಯೋರ್ಟಾ ಒಂದೆಡೆ ಕಿರಿದಾಗೋದು), ಅಲ್ಕಾಪಾ (ಎಡ ಕೊರೊನರಿ, ಅಂದರೆ ಹೃದಯಕ್ಕೇ ರಕ್ತ ಕೊಡೋ ನಾಳ, ತಪ್ಪು ಜಾಗದಿಂದ ಹುಟ್ಟೋದು). ಮೂರರಲ್ಲೂ ಫೋರ್ ಚೇಂಬರ್ ನೋಟದಲ್ಲಿ ನಾಲ್ಕು ಕೋಣೆ, ಎರಡು ಕವಾಟ ಇದ್ದೇ ಇರುತ್ತವೆ, ದೊಡ್ಡ ತೂತು ಕಾಣದೇ ಇರಬಹುದು. ಅದಕ್ಕೇ ಮೋಸ ಹೋಗೋದು.

ಟಿಎಪಿವಿಸಿ: ಶ್ವಾಸಕೋಶದ ನಾಲ್ಕೂ ವೇಯ್ನ್ (ಸಿರೆ) ಎಲ್‌ಎಗೆ (ಎಡ ಹೃತ್ಕರ್ಣಕ್ಕೆ) ಸೇರದೆ ಬೇರೆಡೆ ಹೋಗಿರುತ್ತವೆ. ಸುಳಿವು ಹೀಗಿದೆ. ಆರ್‌ಎ (ಬಲ ಹೃತ್ಕರ್ಣ), ಆರ್‌ವಿ (ಬಲ ಹೃತ್ಕುಕ್ಷಿ) ದೊಡ್ಡದು, ಎಲ್‌ಎ ಪುಟ್ಟದು, ಹೃತ್ಕರ್ಣಗಳ ನಡುವಿನ ಸಣ್ಣ ಕಿಂಡಿ ಪಿಎಫ್‌ಒದಲ್ಲಿ ಹರಿವು ಪೂರ್ತಿ ಬಲದಿಂದ ಎಡಕ್ಕೆ. ಕೊನೆಯದನ್ನು ಕಂಡ ಕೂಡಲೇ ಕೈ ನಿಲ್ಲಿಸಿ ವೇಯ್ನ್‌ಗಳನ್ನು ಹುಡುಕಬೇಕು. ಕಲರ್ (ರಕ್ತದ ಹರಿವನ್ನು ಬಣ್ಣದಲ್ಲಿ ತೋರಿಸೋ ಡಾಪ್ಲರ್) ಸ್ಕೇಲನ್ನು 30–40 ಸೆಂಮೀ/ಸೆಕೆಂಡಿಗೆ ಇಳಿಸಿ. 70–80ರಲ್ಲಿ ಇಟ್ಟು ‘ವೇಯ್ನ್ ಕಾಣಲಿಲ್ಲ’ ಅನ್ನೋದಕ್ಕೆ ಅರ್ಥವಿಲ್ಲ. ಕುತ್ತಿಗೆ ಗುಳಿಯಿಂದ ಅಡ್ಡ ನೋಟದಲ್ಲಿ ಎಲ್‌ಎ ಮೈ, ನಾಲ್ಕು ವೇಯ್ನ್ ಕಾಲು ಅನ್ನೋ ಹಾಗೆ ಏಡಿಯ ಆಕಾರ ಬರುತ್ತೆ. ಆ ಏಡಿ ಸಿಕ್ಕರೆ ನೆಮ್ಮದಿ. ಹೊಟ್ಟೆಯ ನೋಟದಲ್ಲಿ ಅಯೋರ್ಟಾ, ಐವಿಸಿ ಜೊತೆ ಮೂರನೇ ನಾಳ ಕಂಡು, ಅದರಲ್ಲಿ ವೇಯ್ನ್ ತರಹದ ಹರಿವು ಹೃದಯದಿಂದ ದೂರ ಹೋಗುತ್ತಿದ್ದರೆ ಅದು ಡಯಾಫ್ರಮ್ ಕೆಳಗಿನ ಟಿಎಪಿವಿಸಿ. ಹೆಚ್ಚಾಗಿ ಅಡಚಣೆ ಇರೋದು ಇದರಲ್ಲೇ. ಎಕ್ಸ್‌ರೇಯಲ್ಲಿ ಹೃದಯ ಚಿಕ್ಕದು, ಶ್ವಾಸಕೋಶ ಮಸುಕು. ಅದನ್ನು ಆರ್‌ಡಿಎಸ್ (ಬಲಿಯದ ಶ್ವಾಸಕೋಶದ ತೊಂದರೆ) ಅಂತಲೋ ಪಿಪಿಎಚ್‌ಎನ್ (ಹುಟ್ಟಿದ ಮೇಲೂ ಶ್ವಾಸಕೋಶದ ನಾಳಗಳ ಒತ್ತಡ ಇಳಿಯದಿರೋದು) ಅಂತಲೋ ಓದಿ ವೆಂಟಿಲೇಟರ್ ಸೆಟ್ಟಿಂಗ್ ಏರಿಸುತ್ತಾ ಕೂರೋದು ಮಾಮೂಲು ತಪ್ಪು. ವೇಯ್ನ್ ಎಲ್‌ಎಗೆ ಸೇರಿದ್ದನ್ನು ನೋಡದೆ ಪಿಪಿಎಚ್‌ಎನ್ ಅನ್ನೋ ಹೆಸರು ಕೊಡಬೇಡಿ.

ಗೇನ್_ತಗ್ಗಿಸಿ
ಎಕೋ ಟೆಕ್ನಿಷಿಯನ್ ಕಡೆಯಿಂದ ಎರಡು ಮಾತು. ಕುತ್ತಿಗೆ ನೋಟಕ್ಕೆ ಭುಜದ ಕೆಳಗೆ ಸುತ್ತಿದ ಟವೆಲ್ ಇಡಿ, ತಲೆ ಸ್ವಲ್ಪ ಹಿಂದಕ್ಕೆ ವಾಲಲಿ. ಇದನ್ನು ಕೊನೆಗೆ ಇಟ್ಟುಕೊಳ್ಳಿ, ಕೂಸು ಎದ್ದು ಅಳೋದು ಇಲ್ಲೇ. ಜೆಲ್ ಬೆಚ್ಚಗಿರಲಿ, ತಣ್ಣನೆ ಜೆಲ್ ಎದೆಗೆ ತಾಗಿದರೆ ಮುಂದಿನ ಹತ್ತು ನಿಮಿಷ ಹೋಯಿತು. ಎರಡು ಕೆಜಿ ಒಳಗಿನ ಕೂಸಾದರೆ ವಾರ್ಮರ್ ಕೆಳಗೇ ಮಾಡಿ, ಹೊಟ್ಟೆ ಮೇಲೆ ಪ್ರೋಬ್ ಒತ್ತಬೇಡಿ. ಒತ್ತಿದರೆ ಸ್ಯಾಚುರೇಶನ್ ಬೀಳುತ್ತೆ, ಆಮೇಲೆ ಅದು ಹೃದಯದ್ದೋ ಕೈಯದ್ದೋ ಗೊತ್ತಾಗಲ್ಲ.

ಇನ್ನೊಂದು: ಮಕ್ಕಳ ಲ್ಯಾಬ್‌ಗಳಲ್ಲಿ ಹೊಟ್ಟೆ ನೋಟವನ್ನು ತಲೆಕೆಳಗು ಮಾಡಿ ತೋರಿಸ್ತಾರೆ, ದೊಡ್ಡವರ ಲ್ಯಾಬ್‌ಗಳಲ್ಲಿ ಹಾಗಿಲ್ಲ. ಕ್ಲಿಪ್ ಕಳಿಸುವಾಗ ಯಾವ ರೀತಿ ಇಟ್ಟಿದ್ದೀರಿ ಅಂತ ಒಂದು ಸಾಲು ಹಾಕಿ.

ತಾಲ್ಲೂಕು_ಪಿಡಿಯಾ
ಕೋಆರ್ಕ್ಟೇಶನ್ ಬಗ್ಗೆ ಹೇಳಿ ಮೇಡಂ. ಕಂಟಿನ್ಯುಯಸ್ ವೇವ್ ಡಾಪ್ಲರ್‌ನಲ್ಲಿ ಗ್ರೇಡಿಯೆಂಟ್ (ಕಿರಿದಾದ ಜಾಗದ ಎರಡು ಕಡೆಯ ಒತ್ತಡದ ವ್ಯತ್ಯಾಸ) 10 ಅಷ್ಟೇ ಬಂತು ಅಂದರೆ ಬಿಡಬಹುದಾ?

ಸಬ್‌ಕಾಸ್ಟಲ್
ಪಿಡಿಎ, ಅಂದರೆ ಪಲ್ಮನರಿ ಆರ್ಟರಿಯನ್ನು ಅಯೋರ್ಟಾಗೆ ಸೇರಿಸೋ ಡಕ್ಟ್, ತೆರೆದಿದ್ದರೆ ಆ 10ಕ್ಕೆ ಬೆಲೆಯೇ ಇಲ್ಲ. ಡಕ್ಟ್ ಮೂಲಕ ಕೆಳಗಿನ ಮೈಗೆ ರಕ್ತ ಹೋಗುತ್ತಿರುತ್ತೆ, ಗ್ರೇಡಿಯೆಂಟ್ ಎಲ್ಲಿಂದ ಬರಬೇಕು? ಎಲ್‌ವಿ (ಎಡ ಹೃತ್ಕುಕ್ಷಿ) ಸೋತಿದ್ದರೂ ಬರಲ್ಲ. ಹಾಗಾಗಿ ಆಕಾರ ನೋಡಿ. ಪೂರ್ಣಾವಧಿ ಕೂಸಿನಲ್ಲಿ ಇಸ್ತ್ಮಸ್ (ಡಕ್ಟ್ ಸೇರೋ ಮುಂಚಿನ ಅಯೋರ್ಟಾದ ಭಾಗ) 3 ಮಿಮೀಗಿಂತ ಕಡಿಮೆ ಇದ್ದರೆ ಅನುಮಾನ. ಹಿಂಗೋಡೆಯಿಂದ ಒಳಕ್ಕೆ ಚಾಚಿದ ಶೆಲ್ಫ್ ಕಂಡರೆ ಅನುಮಾನ. ಎಡ ಕೆರೋಟಿಡ್‌ನಿಂದ (ತಲೆಗೆ ಹೋಗೋ ನಾಳ) ಎಡ ಸಬ್‌ಕ್ಲೇವಿಯನ್ (ಕೈಗೆ ಹೋಗೋ ನಾಳ) ತನಕ ಆರ್ಚ್ (ಅಯೋರ್ಟಾದ ಬಾಗು) ಉದ್ದ ಎಳೆದ ಹಾಗಿದ್ದರೂ ಅನುಮಾನ. ಸಬ್‌ಕ್ಲೇವಿಯನ್ ಬಳಿಯ ಆರ್ಚ್ ಅಗಲವನ್ನು ಆ ದೂರದಿಂದ ಭಾಗಿಸಿ; 1.5ಕ್ಕಿಂತ ಕೆಳಗೆ ಬಂದರೆ ಬಿಡಬೇಡಿ. ಉದಾಹರಣೆಗೆ ಆರ್ಚ್ 4 ಮಿಮೀ, ದೂರ 5 ಮಿಮೀ ಇದ್ದರೆ 0.8.

ಹೊಟ್ಟೆಯ ಅಯೋರ್ಟಾದಲ್ಲಿ ಪಲ್ಸ್ ಡಾಪ್ಲರ್ ಹಾಕಿ. ಚೂಪಾಗಿ ಏರಿ, ಇಳಿದು, ಡಯಾಸ್ಟೊಲಿ (ಹೃದಯ ಸಡಿಲಾಗೋ ಹೊತ್ತು) ಶುರುವಿನಲ್ಲಿ ಒಂದು ಚೂರು ಹಿಂದಕ್ಕೆ ಹೋದರೆ ಸಮಾಧಾನ. ಮಂದವಾಗಿ ಏರಿ ಡಯಾಸ್ಟೊಲಿ ಪೂರ್ತಿ ಮುಂದಕ್ಕೇ ಹರಿಯುತ್ತಿದ್ದರೆ ಮೇಲೆ ಅಡಚಣೆ ಇದೆ. ಆದರೆ ಡಕ್ಟ್ ದೊಡ್ಡದಿದ್ದರೆ ಇದೂ ಚೆನ್ನಾಗಿಯೇ ಕಾಣಬಹುದು. ಹಾಗಾಗಿ ವರದಿಯಲ್ಲಿ ‘ಡಕ್ಟ್ ತೆರೆದಿದೆ, ಕೋಆರ್ಕ್ಟೇಶನ್ ಇಲ್ಲ ಅನ್ನಲಾಗದು, ಡಕ್ಟ್ ಮುಚ್ಚಿದ ಮೇಲೆ ಮತ್ತೆ ನೋಡಬೇಕು’ ಅಂತ ಬರೆಯಿರಿ. ನಾಚಿಕೆ ಬೇಡ, ಅದು ಸರಿಯಾದ ವರದಿ. ನಾಲ್ಕು ಕೈಕಾಲಿನ ಬಿಪಿ ತಗೊಳ್ಳಿ, ಬಲಗೈ ಕಾಲಿಗಿಂತ 20 ಹೆಚ್ಚಿದ್ದರೆ ಕಳಿಸಿ. ಬಲ ಸಬ್‌ಕ್ಲೇವಿಯನ್ ಅಡ್ಡದಾರಿಯಿಂದ, ಅಂದರೆ ಕಿರಿದಾದ ಜಾಗದ ಕೆಳಗಿಂದ ಹುಟ್ಟಿದ್ದರೆ ಬಲಗೈ ಬಿಪಿಯೂ ಸುಳ್ಳು ಹೇಳುತ್ತೆ.

ಅಲ್ಕಾಪಾ ಬರೋದು ಎರಡು ಮೂರು ತಿಂಗಳ ಕೂಸಿನಲ್ಲಿ. ಹಾಲು ಕುಡಿಯುವಾಗ ಬೆವರು, ಎಲ್‌ವಿ ಊದಿಕೊಂಡು ಸೋತಿದೆ, ಮೈಟ್ರಲ್ ಕವಾಟ ಸೋರುತ್ತಿದೆ. ‘ಡೈಲೇಟೆಡ್ ಕಾರ್ಡಿಯೋಮಯೋಪತಿ’ ಅಂತ ಬರೆದು ಔಷಧಿ ಶುರು ಮಾಡ್ತಾರೆ. ಎಡ ಕೊರೊನರಿ ಪಲ್ಮನರಿ ಆರ್ಟರಿಯಿಂದ ಹುಟ್ಟಿದ್ದರೆ ಅದು ಆಪರೇಷನ್‌ನಿಂದ ಸರಿಯಾಗೋ ಕಾಯಿಲೆ! ಟುಡಿಯಲ್ಲಿ (ಬಣ್ಣವಿಲ್ಲದ ಚಿತ್ರದಲ್ಲಿ) ಕೊರೊನರಿ ಅಯೋರ್ಟಾಗೆ ಅಂಟಿಕೊಂಡ ಹಾಗೆ ಕಾಣಬಹುದು, ಪಕ್ಕದ ಟ್ರಾನ್ಸ್‌ವರ್ಸ್ ಸೈನಸ್ ಗೋಡೆ ಅಷ್ಟು ಚೆನ್ನಾಗಿ ಮೋಸ ಮಾಡುತ್ತೆ. ನಂಬಬೇಕಾದ್ದು ಕಲರ್: ಸ್ಕೇಲ್ 20–30ಕ್ಕೆ ಇಳಿಸಿ, ಎಡ ಕೊರೊನರಿಯಲ್ಲಿ ಹರಿವು ಅಯೋರ್ಟಾದಿಂದ ಹೊರಕ್ಕೆ ಹೋಗುತ್ತಿದೆಯೋ, ಹಿಂದಕ್ಕೆ ಬರುತ್ತಿದೆಯೋ ನೋಡಿ. ಬಲ ಕೊರೊನರಿ ದಪ್ಪಗಿದ್ದರೆ, ಪ್ಯಾಪಿಲ್ಲರಿ ಸ್ನಾಯು ಬೆಳ್ಳಗೆ ಹೊಳೆದರೆ, ಇಸಿಜಿಯಲ್ಲಿ ಒಂದು ಮತ್ತು ಎವಿಎಲ್ ಲೀಡ್‌ನಲ್ಲಿ ಆಳದ ಕ್ಯೂ ಇದ್ದರೆ ಬೇರೆ ಸಾಬೀತು ಬೇಕಿಲ್ಲ, ಕಳಿಸಿ.

ಗೇನ್_ತಗ್ಗಿಸಿ
ಮೇಡಂ, ಸೈನಸ್ ವೆನೋಸಸ್ ಎಎಸ್‌ಡಿ (ಹೃತ್ಕರ್ಣಗಳ ನಡುವಿನ ಒಂದು ಬಗೆಯ ತೂತು) ಬಿಟ್ಟಿರಿ.

ಸಬ್‌ಕಾಸ್ಟಲ್
ಅದು ನವಜಾತರ ತುರ್ತು ಅಲ್ಲ, ಅದಕ್ಕೇ ಬಿಟ್ಟೆ. ಶಾಲೆ ಮಕ್ಕಳಿಗೆ ಬೇಕಾದ ಮಾತು ಅದು. ಆರ್‌ವಿ ದೊಡ್ಡದಿದೆ, ಫೋರ್ ಚೇಂಬರ್‌ನಲ್ಲಿ ಸೆಪ್ಟಮ್ (ನಡುಗೋಡೆ) ಗಟ್ಟಿಯಾಗಿದೆ, ಕಾರಣ ಸಿಗುತ್ತಿಲ್ಲ ಅಂದರೆ ಎಸ್‌ವಿಸಿ (ತಲೆ, ಕೈಗಳ ರಕ್ತ ತರೋ ಮಹಾಸಿರೆ) ಬಾಯಲ್ಲಿ ತೂತು ಹುಡುಕಿ. ಹೊಟ್ಟೆಯಿಂದ ಉದ್ದ ನೋಟ, ಇಲ್ಲವೇ ಮಗುವನ್ನು ಬಲಕ್ಕೆ ಮಗ್ಗುಲಾಗಿಸಿ ಎದೆಯ ಬಲಭಾಗದ ನೋಟ. ಬಲ ಮೇಲಿನ ಪಲ್ಮನರಿ ವೇಯ್ನ್ ಎಸ್‌ವಿಸಿಗೆ ಸೇರಿರೋದು ಇದರ ಜೊತೆಗೇ ಬರುತ್ತೆ.

ಇದರ ತದ್ವಿರುದ್ಧದ ಕಾಟವೂ ಉಂಟು. ಎರಡನೇ ದಿನದ ಕೂಸಿಗೆ ಎಕೋ ಮಾಡಿ 2 ಮಿಮೀ ಪಿಎಫ್‌ಒ, ಸಣ್ಣ ಪಿಡಿಎ ಕಂಡು ‘ಎಎಸ್‌ಡಿ, ಪಿಡಿಎ’ ಅಂತ ಬರೆದುಬಿಡೋದು. ಮನೆಯವರು ಹೃದಯದಲ್ಲಿ ಎರಡು ತೂತು ಅಂತ ಊರೂರು ಅಲೆಯುತ್ತಾರೆ. ಆ ವಯಸ್ಸಿಗೆ ಅವು ಇರಬೇಕಾದ್ದೇ. 3 ಮಿಮೀ ಒಳಗಿನವು ಹೆಚ್ಚುಕಡಿಮೆ ಎಲ್ಲವೂ ತಾವಾಗೇ ಮುಚ್ಚುತ್ತವೆ. ಹಾಗೆಯೇ ಮೊದಲ ದಿನಗಳಲ್ಲಿ ಆರ್‌ವಿ ಒತ್ತಡ ಎಲ್‌ವಿಗೆ ಸಮ ಇರೋದರಿಂದ ದೊಡ್ಡ ವಿಎಸ್‌ಡಿಯಲ್ಲೂ (ಕುಕ್ಷಿಗಳ ನಡುವಿನ ತೂತು) ಕಲರ್ ಸಪ್ಪೆ, ಮರ್ಮರ್ (ಹೃದಯದ ಹೆಚ್ಚುವರಿ ಸದ್ದು) ಇರಲ್ಲ. ಮಸ್ಕ್ಯುಲರ್ ವಿಎಸ್‌ಡಿ ಅಂತೂ ತಪ್ಪಿಯೇ ಹೋಗುತ್ತೆ. ತೂಕ ಏರದಿದ್ದರೆ ಆರನೇ ವಾರ ಮತ್ತೆ ಪ್ರೋಬ್ ಇಡಿ.

ತಾಲ್ಲೂಕು_ಪಿಡಿಯಾ
ಒತ್ತಡದ ಲೆಕ್ಕ? ವಿಎಸ್‌ಡಿ ಇರೋ ಮಗುವಿಗೆ ಪಿಎ (ಪಲ್ಮನರಿ ಆರ್ಟರಿ) ಪ್ರೆಶರ್ ಎಷ್ಟು ಅಂತ ಎಲ್ಲರೂ ಕೇಳ್ತಾರೆ.

ಗೇನ್_ತಗ್ಗಿಸಿ
ವೇಗದ ವರ್ಗವನ್ನು 4ರಿಂದ ಗುಣಿಸಿ. ವಿಎಸ್‌ಡಿ ಜೆಟ್ 3 ಮೀ/ಸೆ ಅಂದರೆ ಎರಡು ಕುಕ್ಷಿಗಳ ನಡುವೆ 36 ವ್ಯತ್ಯಾಸ. ಕೈಯ ಸಿಸ್ಟೊಲಿಕ್ ಬಿಪಿ 88 ಇದ್ದರೆ ಆರ್‌ವಿ 52. ಆರ್‌ವಿಯಿಂದ ಹೊರಹೋಗೋ ದಾರಿಯಲ್ಲಿ ಅಡಚಣೆ ಇಲ್ಲದಿದ್ದರೆ ಪಿಎ ಸಿಸ್ಟೊಲಿಕ್ಕೂ ಅಷ್ಟೇ. ಈಗ ಟಿಆರ್ (ಟ್ರೈಕಸ್ಪಿಡ್ ಕವಾಟದ ಸೋರಿಕೆ) ನೋಡಿ: 3.4 ಬಂದರೆ 46, ಆರ್‌ಎಗೆ 5 ಸೇರಿಸಿ 51. ಎರಡೂ ತಾಳೆ ಆಯಿತು, ನಂಬಿ. ತಾಳೆ ಆಗದಿದ್ದರೆ ಒಂದು ಅಳತೆ ತಪ್ಪು. ಸಾಮಾನ್ಯವಾಗಿ ಕಾರಣ ಕೋನ. ಕಿರಣ ಜೆಟ್‌ಗೆ 30 ಡಿಗ್ರಿ ಓರೆಯಾದರೆ 3 ಮೀ ಹೋಗಿ 2.6 ಆಗುತ್ತೆ, 36 ಹೋಗಿ 27 ಆಗುತ್ತೆ. ಇನ್ನೊಂದು ಕಾರಣ, ಪೆರಿಮೆಂಬ್ರೇನಸ್ ವಿಎಸ್‌ಡಿ ಜೆಟ್ ಟ್ರೈಕಸ್ಪಿಡ್ ಪಕ್ಕದಲ್ಲೇ ಹಾಯೋದರಿಂದ ಎಲ್‌ವಿ ವೇಗವನ್ನೇ ಟಿಆರ್ ಅಂತ ಅಳೆದುಬಿಡೋದು. ಟಿಆರ್ 4.5 ಬಂದು ಸೆಪ್ಟಮ್ ದುಂಡಗೆ ಎಲ್‌ವಿ ಆಕಾರದಲ್ಲೇ ಇದ್ದರೆ, ಆ ಟಿಆರ್ ಟಿಆರ್ ಅಲ್ಲ. ಬಿಪಿ ಅದೇ ಹೊತ್ತಿಗೆ ತಗೊಂಡದ್ದಾಗಿರಲಿ, ಬೆಳಗ್ಗೆ ವಾರ್ಡಿನಲ್ಲಿ ಬರೆದದ್ದಲ್ಲ.

ಅರಿವಳಿಕೆ_ಕೋಣೆ
ಕೂಸು ಅಳ್ತಾ ಇದ್ದರೆ ಈ ಲೆಕ್ಕವೆಲ್ಲ ವ್ಯರ್ಥ, ಅಳುವಾಗ ಪಿಎ ಪ್ರೆಶರ್ರೇ ಬೇರೆ. ಮೂರು ತಿಂಗಳ ಒಳಗಿನವಕ್ಕೆ ಔಷಧಿ ಬೇಡ, ಹಾಲು ಕುಡಿಸಿ ಬಟ್ಟೆ ಸುತ್ತಿ ಮಲಗಿಸಿದರೆ ಸಾಕು. ತೊಂದರೆ ಕೊಡೋರು ಆರು ತಿಂಗಳಿಂದ ಮೂರು ವರ್ಷದವರು. ಮಲಗಿಸೋ ಟ್ರೈಕ್ಲೋಫಾಸ್ ಸಿರಪ್ 5 ಎಂಎಲ್‌ಗೆ 500 ಮಿಗ್ರಾಂ. ಕೆಜಿಗೆ 50 ಮಿಗ್ರಾಂ ಲೆಕ್ಕದಲ್ಲಿ 8 ಕೆಜಿ ಮಗುವಿಗೆ 4 ಎಂಎಲ್. ಕೆಲಸ ಮಾಡೋಕೆ ಅರ್ಧ ಮುಕ್ಕಾಲು ಗಂಟೆ ಬೇಕು. ಹತ್ತೇ ನಿಮಿಷಕ್ಕೆ ‘ಮಲಗಲಿಲ್ಲ’ ಅಂತ ಇನ್ನೊಂದು ಡೋಸ್ ಹಾಕೋದರಿಂದಲೇ ಅನಾಹುತ ಆಗೋದು. ಮೂಗಿಗೆ ಡೆಕ್ಸ್‌ಮೆಡಿಟೊಮಿಡಿನ್ ಕೆಜಿಗೆ 2–3 ಮೈಕ್ರೋಗ್ರಾಂ ಚೆನ್ನಾಗಿ ಒಗ್ಗುತ್ತೆ. 100 ಮೈಕ್ರೋಗ್ರಾಂ/ಎಂಎಲ್ ಆಂಪೂಲ್ ನೀರು ಬೆರೆಸದೆ, 8 ಕೆಜಿಗೆ 20 ಮೈಕ್ರೋಗ್ರಾಂ ಅಂದರೆ 0.2 ಎಂಎಲ್, ಎರಡು ಹೊಳ್ಳೆಗೆ ಹಂಚಿ. ಬಡಿತ ನಿಧಾನ ಆಗುತ್ತೆ, ಹಾರ್ಟ್ ಬ್ಲಾಕ್ ಇದ್ದವರಿಗೆ ಬೇಡ.

ಹೊಟ್ಟೆ ಖಾಲಿ ಇರಬೇಕಾದ್ದು: ನೀರು 2 ಗಂಟೆ, ಎದೆಹಾಲು 4, ಪುಡಿಹಾಲು ಅಥವಾ ಊಟ 6. ನೀಲಿ ಮಕ್ಕಳನ್ನು, ಮುಖ್ಯವಾಗಿ ಟೆಟ್ರಾಲಜಿಯವರನ್ನು (ಹೃದಯದಲ್ಲಿ ನಾಲ್ಕು ದೋಷ ಒಟ್ಟಿಗಿರೋರು), ಬೆಳಗ್ಗೆ ಮೊದಲನೆಯವರಾಗಿ ತಗೊಳ್ಳಿ. ಒಣಗಿದ ಮಗುವಿಗೆ ಸ್ಪೆಲ್ (ಇದ್ದಕ್ಕಿದ್ದಂತೆ ಮೈ ಇನ್ನೂ ನೀಲಿಗಟ್ಟೋದು) ಬರುತ್ತೆ. ಸ್ಯಾಚುರೇಶನ್ ಪ್ರೋಬ್, ಆಕ್ಸಿಜನ್, ಸಕ್ಷನ್, ಸರಿ ಸೈಜಿನ ಮಾಸ್ಕ್ ಪಕ್ಕದಲ್ಲಿಲ್ಲದೆ, ಉಸಿರಾಟ ನೋಡಿಕೊಳ್ಳಬಲ್ಲ ಡಾಕ್ಟರ್ ಇಲ್ಲದೆ ಮಲಗಿಸೋ ಔಷಧಿ ಕೊಡಲೇಬೇಡಿ. ಮಗು ಪೂರ್ತಿ ಎಚ್ಚರ ಆಗಿ ಹಾಲು ಕುಡಿಯೋ ತನಕ ಮನೆಗೂ ಕಳಿಸಬೇಡಿ.

ಕಾಂಟ್ರಾಸ್ಟ್_ಎರಡು_ಎಂಎಲ್
ಇಷ್ಟೆಲ್ಲ ಸರ್ಕಸ್ ಯಾಕೆ, ಅನುಮಾನ ಬಂದರೆ ಸಿಟಿ ಮಾಡಿ. ಈಗಿನ ಯಂತ್ರದಲ್ಲಿ ಸ್ಕ್ಯಾನ್ ಒಂದೇ ಸೆಕೆಂಡ್, ವಿಕಿರಣದ ಡೋಸ್ 1 ಎಂಎಸ್‌ವಿ (ಮಿಲಿಸೀವರ್ಟ್) ಒಳಗೇ ಮುಗಿಸಬಹುದು.

ಸಬ್‌ಕಾಸ್ಟಲ್
ಒಪ್ಪಲ್ಲ ಸರ್. ಕವಾಟದ ಸೋರಿಕೆ, ಒತ್ತಡ, ಹರಿವಿನ ದಿಕ್ಕು ಸಿಟಿಯಲ್ಲಿ ಸಿಗಲ್ಲ. ಟಿಎಪಿವಿಸಿ ಮಾದರಿ, ಆರ್ಚ್, ಕವಲು ಪಿಎ, ಕೊಲ್ಯಾಟರಲ್ (ಪಕ್ಕದಾರಿ ನಾಳ) ಕೇಳಿದರೆ ಸಿಟಿಗೆ ಸಾಟಿ ಇಲ್ಲ, ಆ ಮಾತು ಬೇರೆ. ‘ಕಾರ್ಡಿಯಾಕ್ ಸಿಟಿ, ಸಿಎಚ್‌ಡಿ (ಹುಟ್ಟು ಹೃದಯ ದೋಷ)’ ಅಂತ ಚೀಟಿ ಬರೆದು ಕಳಿಸೋದು ಯಾರಿಗೂ ಉಪಯೋಗ ಇಲ್ಲ. ಪ್ರಶ್ನೆ ಏನು ಅಂತ ಬರೆಯಬೇಕು.

ಕಾಂಟ್ರಾಸ್ಟ್_ಎರಡು_ಎಂಎಲ್
ಪ್ರಶ್ನೆ ಬರೆಯಬೇಕು ಅನ್ನೋದಕ್ಕೆ ನನ್ನ ಎರಡು ಓಟು. ಡಯಾಫ್ರಮ್ ಕೆಳಗಿನ ಟಿಎಪಿವಿಸಿ ಅನುಮಾನ ಅಂತ ತಿಳಿಸದಿದ್ದರೆ ಎದೆಗೇ ಸ್ಕ್ಯಾನ್ ಮುಗಿದುಹೋಗುತ್ತೆ, ವೇಯ್ನ್ ಲಿವರ್‌ನಲ್ಲಿ ಇರುತ್ತೆ. ಕಾಂಟ್ರಾಸ್ಟ್ ಕೆಜಿಗೆ 1.5–2 ಎಂಎಲ್, ಟ್ಯೂಬ್ 70–80 ಕೆವಿ. 24 ಗೇಜ್ ಕ್ಯಾನ್ಯುಲಾದಲ್ಲಿ ಸೆಕೆಂಡಿಗೆ 1–1.5 ಎಂಎಲ್ ಮೀರಿ ತಳ್ಳಬೇಡಿ, ಹಿಂದೆಯೇ ಸಲೈನ್ ಬಿಡಿ.

ಕ್ಯಾನ್ಯುಲಾ ಎಲ್ಲಿ ಅನ್ನೋದು ಯಾರೂ ಯೋಚಿಸದ ವಿಷಯ. ಎಡಗೈಗೆ ಹಾಕಿದರೆ ಗಟ್ಟಿ ಕಾಂಟ್ರಾಸ್ಟ್ ಇನ್ನಾಮಿನೇಟ್ ವೇಯ್ನ್‌ನಲ್ಲಿ ಆರ್ಚ್ ಮುಂದೆಯೇ ಹಾಯ್ದು ಗೆರೆಗೆರೆ ಬೀಳುತ್ತೆ. ಆರ್ಚ್ ಪ್ರಶ್ನೆ ಇದ್ದರೆ ಬಲಗೈ ಅಥವಾ ಕಾಲು. ಗ್ಲೆನ್ ಆಪರೇಷನ್ (ಎಸ್‌ವಿಸಿಯನ್ನು ನೇರ ಪಿಎಗೆ ಜೋಡಿಸೋದು) ಆಗಿರೋ ಮಗುವಿಗೆ ಕಾಲಿನಿಂದ ಮಾತ್ರ ಹಾಕಿದರೆ ಪಿಎಗೆ ಮೊದಲ ಸುತ್ತಿನಲ್ಲಿ ಕಾಂಟ್ರಾಸ್ಟ್ ಬರೋದೇ ಇಲ್ಲ, ಖಾಲಿ ಕಂಡು ಥ್ರಾಂಬಸ್ (ಹೆಪ್ಪುಗಟ್ಟಿದ ರಕ್ತ) ಅಂತ ಓದುತ್ತಾರೆ. ಫಾಂಟಾನ್‌ಗೂ (ಐವಿಸಿಯನ್ನೂ ಪಿಎಗೆ ಜೋಡಿಸೋ ಆಪರೇಷನ್) ಇದೇ ಗತಿ: ಒಂದು ಕಡೆ ಬೆರೆತು ಒಂದು ಕಡೆ ಬೆರೆಯದೆ ಕ್ಲಾಟ್ ತರಹ ಕಾಣುತ್ತೆ. 60–90 ಸೆಕೆಂಡ್ ತಡೆದು ಇನ್ನೊಂದು ಸುತ್ತು ತೆಗೆದರೆ ನಿಜ ಗೊತ್ತಾಗುತ್ತೆ. ಇನ್ನು ಬಲದಿಂದ ಎಡಕ್ಕೆ ಷಂಟ್ (ರಕ್ತದ ಅಡ್ಡಹರಿವು) ಇರೋ ಮಗುವಿನ ಲೈನಿನಲ್ಲಿ ಒಂದು ಗುಳ್ಳೆ ಗಾಳಿಯೂ ಇರಬಾರದು, ಅದು ನೇರ ಮಿದುಳಿಗೆ ಹೋಗಬಹುದು. ತ್ರೀವೇ, ಎಕ್ಸ್‌ಟೆನ್ಷನ್, ಇಂಜೆಕ್ಟರ್ ಸಿರಿಂಜ್ ಮೂರನ್ನೂ ಬೆಳಕಿಗೆ ಹಿಡಿದು ನೋಡಿ.

ತಾಲ್ಲೂಕು_ಪಿಡಿಯಾ
ಹಾಗಾದರೆ ಎಂಆರ್‌ಐ ಯಾರಿಗೆ?

ಸಬ್‌ಕಾಸ್ಟಲ್
ಟೆಟ್ರಾಲಜಿ ಆಪರೇಷನ್ ಆಗಿ ದೊಡ್ಡವರಾದ ಮಕ್ಕಳಿಗೆ ಮುಖ್ಯವಾಗಿ. ಪಲ್ಮನರಿ ಕವಾಟ ವರ್ಷಗಟ್ಟಲೆ ಸೋರಿ ಆರ್‌ವಿ ಹಿಗ್ಗುತ್ತೆ, ಎಕೋದಲ್ಲಿ ಆರ್‌ವಿ ಗಾತ್ರ ನಂಬೋ ಹಾಗಿಲ್ಲ. ಎಂಆರ್‌ಐಯಲ್ಲಿ ಡಯಾಸ್ಟೊಲಿಕ್ ಗಾತ್ರ 160 ಎಂಎಲ್/ಚದರ ಮೀಟರ್, ಸಿಸ್ಟೊಲಿಕ್ 80 ದಾಟುತ್ತಾ ಬಂದರೆ ಕವಾಟ ಹಾಕೋ ಮಾತು ಶುರು. ಹರಿವು ಅಳೆಯುವಾಗ ವೆಂಕ್ (ಯಂತ್ರ ಅಳೆಯೋ ಗರಿಷ್ಠ ವೇಗದ ಮಿತಿ) ನಿರೀಕ್ಷಿತ ವೇಗಕ್ಕಿಂತ ಕಾಲು ಭಾಗ ಮೇಲಿಡಿ. ಮುಖ್ಯ ಪಿಎ ಹರಿವು ಬಲ, ಎಡ ಪಿಎ ಮೊತ್ತಕ್ಕೆ ತಾಳೆ ಆಗಬೇಕು. ಆಗದಿದ್ದರೆ ಫೇಸ್ ಆಫ್‌ಸೆಟ್ (ಯಂತ್ರದ ಅಳತೆಯ ದೋಷ) ಸರಿ ಮಾಡದೆ ಸಂಖ್ಯೆ ಹೊರಗೆ ಬಿಡಬೇಡಿ. ಸ್ಟೀಲ್ ಸ್ಟೆಂಟ್, ಕಾಯಿಲ್ ಇದ್ದ ಜಾಗದಲ್ಲಿ ಚಿತ್ರ ಕಪ್ಪು ಗುಂಡಿ, ಅಲ್ಲಿಗೆ ಸಿಟಿಯೇ.

ಭ್ರೂಣ_ಎಕೋ
ಹುಟ್ಟೋ ಮುಂಚಿನದ್ದನ್ನೂ ಸೇರಿಸ್ತೀನಿ. 18–22 ವಾರಕ್ಕೆ ನೋಡಬೇಕು. ಫೋರ್ ಚೇಂಬರ್ ಒಂದೇ ನೋಡಿ ಮುಗಿಸಿದರೆ ಟಿಜಿಎ (ಎರಡು ದೊಡ್ಡ ನಾಳ ಅದಲುಬದಲಾಗಿರೋದು) ತಪ್ಪುತ್ತೆ. ದೊಡ್ಡ ನಾಳಗಳೆರಡು ಒಂದನ್ನೊಂದು ಅಡ್ಡ ಹಾಯಬೇಕು, ಸಮಾನಾಂತರ ಹೋದರೆ ಟಿಜಿಎ ಅನುಮಾನ. ಮೂರು ನಾಳ, ಶ್ವಾಸನಾಳ ಒಟ್ಟಿಗೆ ಕಾಣೋ ನೋಟವನ್ನು ಬಿಡಬೇಡಿ. ಯಾರಿಗೆ ಖಂಡಿತ ಬೇಕು: ಗರ್ಭಕ್ಕೂ ಮುಂಚಿನಿಂದ ಸಕ್ಕರೆ ಕಾಯಿಲೆ ಇರೋ ತಾಯಿ, ರಕ್ತದಲ್ಲಿ ಆಂಟಿ ರೋ ಪ್ರತಿಕಾಯ ಇರೋ ತಾಯಿ, ಮೊದಲ ಮಗುವಿಗೆ ಹೃದಯ ದೋಷ ಇದ್ದವರು. ನಮ್ಮ ಕಡೆ ಸೋದರಮಾವ, ಅತ್ತೆ ಮಗ ಅಂತ ಸಂಬಂಧದಲ್ಲೇ ಮದುವೆ ಆದವರೂ ಈ ಪಟ್ಟಿಗೆ ಸೇರ್ತಾರೆ, ಕೇಳದಿದ್ದರೆ ಅವರಾಗಿ ಹೇಳಲ್ಲ. ಭ್ರೂಣ ಎಕೋಗೂ ಲಿಂಗ ಪತ್ತೆ ತಡೆ ಕಾಯ್ದೆಯ ಫಾರ್ಮ್ ಎಫ್ ತುಂಬಬೇಕು. ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿ ಪ್ರಕಾರ 24 ವಾರ ದಾಟಿದ ಮೇಲೆ ಗರ್ಭಪಾತದ ಬಗ್ಗೆ ವೈದ್ಯಕೀಯ ಮಂಡಳಿ ತೀರ್ಮಾನಿಸಬೇಕು, ಹಾಗಾಗಿ 23ನೇ ವಾರಕ್ಕೆ ಕಳಿಸಿ ತುರ್ತು ಅನ್ನಬೇಡಿ.

ತಾಲ್ಲೂಕು_ಪಿಡಿಯಾ
ಕೊನೆಯದಾಗಿ ಎರಡು. ಕ್ಲಿಪ್ ವಾಟ್ಸಾಪ್‌ನಲ್ಲಿ ಕಳಿಸಿದರೆ ಓದ್ತೀರಾ? ಮತ್ತೆ ನೀಲಿ ಕೂಸು ಬಂದಿದೆ, ಎಕೋ ಪಕ್ಕಾ ಆಗಿಲ್ಲ, ಪ್ರೊಸ್ಟಾಗ್ಲಾಂಡಿನ್ (ಡಕ್ಟ್ ತೆರೆದಿಡೋ ಔಷಧಿ) ಶುರು ಮಾಡಬಹುದಾ?

ಗೇನ್_ತಗ್ಗಿಸಿ
ಕ್ಲಿಪ್‌ಗೆ: ಫೋಟೋ ಬೇಡ, ನಾಲ್ಕೈದು ಸೆಕೆಂಡಿನ ಸ್ವೀಪ್ ಬೇಕು. ಸ್ಕ್ರೀನನ್ನು ಮೊಬೈಲ್‌ನಲ್ಲಿ ಹಿಡಿಯುವಾಗ ಕಲರ್ ಪಟ್ಟಿ, ಸ್ಕೇಲ್, ಡೆಪ್ತ್, ಇಸಿಜಿ ಗೆರೆ ಕಾಣಲಿ, ಮಗುವಿನ ಹೆಸರು ಕಾಣದಿರಲಿ. ಒಂದೇ ನೋಟವನ್ನು ಕಲರ್ ಇಲ್ಲದೆ ಒಮ್ಮೆ, ಕಲರ್ ಹಾಕಿ ಒಮ್ಮೆ. ಜೊತೆಗೆ ತೂಕ, ಎತ್ತರ, ಬಿಪಿ, ಬಲಗೈ ಮತ್ತು ಕಾಲಿನ ಸ್ಯಾಚುರೇಶನ್. ಝಡ್ ಸ್ಕೋರ್ (ಮೈಗಾತ್ರಕ್ಕೆ ಹೋಲಿಸಿದರೆ ಅಳತೆ ಎಷ್ಟು ಹೆಚ್ಚು ಕಡಿಮೆ ಅನ್ನೋದು) ಬರೆದರೆ ಯಾವ ಲೆಕ್ಕದ್ದು, ಬೋಸ್ಟನ್ನೋ ಪೆಟ್ಟರ್ಸೆನ್ನೋ ಪಿಎಚ್‌ಎನ್ನೋ ಹೇಳಿ, ಒಂದೇ ಅಳತೆಗೆ ಮೂರರಲ್ಲಿ ಮೂರು ಉತ್ತರ ಬರಬಹುದು.

ಸಬ್‌ಕಾಸ್ಟಲ್
ಎರಡನೆಯದಕ್ಕೆ: ಮೊದಲ ಎರಡು ಮೂರು ವಾರದ ಕೂಸು, ಆಕ್ಸಿಜನ್ ಕೊಟ್ಟರೂ ಸ್ಯಾಚುರೇಶನ್ ಏರುತ್ತಿಲ್ಲ, ಅಥವಾ ಕಾಲಿನ ನಾಡಿ ಸಿಗದೆ ಶಾಕ್‌ನಲ್ಲಿದೆ ಅಂದರೆ ಎಕೋಗೆ ಕಾಯಬೇಡಿ, ಶುರು ಮಾಡಿ ಫೋನ್ ಮಾಡಿ. 500 ಮೈಕ್ರೋಗ್ರಾಂ ಆಂಪೂಲನ್ನು 5% ಡೆಕ್ಸ್‌ಟ್ರೋಸ್ ಸೇರಿಸಿ ಒಟ್ಟು 50 ಎಂಎಲ್ ಮಾಡಿದರೆ ಎಂಎಲ್‌ಗೆ 10 ಮೈಕ್ರೋಗ್ರಾಂ. 3 ಕೆಜಿ ಕೂಸಿಗೆ ನಿಮಿಷಕ್ಕೆ ಕೆಜಿಗೆ 0.05 ಮೈಕ್ರೋಗ್ರಾಂ ಬೇಕಾದರೆ ಗಂಟೆಗೆ 0.9 ಎಂಎಲ್. ಡಕ್ಟ್ ತೆರೆದಿರೋದು ಕಂಡರೆ 0.01 ಸಾಕು, ಅಂದರೆ ಗಂಟೆಗೆ 0.18 ಎಂಎಲ್, ನಿಮ್ಮ ಪಂಪ್ ಅಷ್ಟು ಕಡಿಮೆ ಓಡದಿದ್ದರೆ ದ್ರಾವಣ ತೆಳು ಮಾಡಿ. ಬೇರೆ ಔಷಧಿ ಸೇರಿಸದ ಲೈನ್ ಇರಲಿ, ಇನ್ನೊಂದು ಲೈನ್ ತಯಾರಿರಲಿ, ಮೊದಲನೆಯದು ಉಬ್ಬಿದರೆ ಡಕ್ಟ್ ಮುಚ್ಚೋಕೆ ಶುರುವಾಗುತ್ತೆ. ಡೋಸ್ ಹೆಚ್ಚಿದಷ್ಟೂ ಉಸಿರು ನಿಲ್ಲೋ ಅಪಾಯ ಹೆಚ್ಚು, ಜ್ವರ, ಬಿಪಿ ಇಳಿಯೋದೂ ಉಂಟು. ಆರು ಗಂಟೆ ದಾರಿ ಅಂದಿರಿ. ಹೊರಡೋ ಮುಂಚೆ ಉಸಿರು ಒಮ್ಮೆ ನಿಂತಿದ್ದರೂ ಟ್ಯೂಬ್ ಹಾಕಿಯೇ ಆಂಬ್ಯುಲೆನ್ಸ್ ಹತ್ತಿಸಿ. ಶುರು ಮಾಡಿದ ಮೇಲೆ ಮಗು ಇನ್ನೂ ಕೆಟ್ಟು ಶ್ವಾಸಕೋಶ ಬೆಳ್ಳಗಾದರೆ ಅಡಚಣೆ ಇರೋ ಟಿಎಪಿವಿಸಿ ನೆನಪಿಸಿಕೊಂಡು ಹೊಟ್ಟೆ ನೋಟದಲ್ಲಿ ಆ ಮೂರನೇ ನಾಳ ಹುಡುಕಿ, ಆ ಕ್ಲಿಪ್ಪನ್ನೇ ಮೊದಲು ಕಳಿಸಿ.